ಮಾರ್ಮನ್ ನಂಬಿಕೆಯಲ್ಲಿ ಯಾಜಕತ್ವ: ಅದು ವೃತ್ತಿಯಲ್ಲದಿದ್ದರೆ ಮತ್ತೇನು?

ಪ್ರಶ್ನೆ — ಧರ್ಮಾಧ್ಯಯನದ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಕ್ರೈಸ್ತ ಧರ್ಮದ ಬೇರೆ ಬೇರೆ ಶಾಖೆಗಳಲ್ಲಿ ಯಾಜಕರ ಸ್ಥಾನ ಹೇಗೆ ರೂಪುಗೊಂಡಿತು ಎಂಬುದನ್ನು ಕೆಲವು ತಿಂಗಳುಗಳಿಂದ ಓದುತ್ತಿದ್ದೇನೆ. ಕ್ಯಾಥೋಲಿಕ್ ಸಭೆಯಲ್ಲಿ ಯಾಜಕನಾಗುವವನು ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿ, ಬಿಷಪರ ಕೈಯಿಂದ ಅಭಿಷೇಕ ಪಡೆದು, ಜೀವನಪೂರ್ತಿ ಅದೇ ಕೆಲಸಕ್ಕೆ ಮುಡಿಪಾಗುತ್ತಾನೆ. ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ವಿಶ್ವಾಸಿಗಳೆಲ್ಲರೂ ಯಾಜಕರೇ ಎಂಬ ತತ್ತ್ವವನ್ನು ಒಪ್ಪುತ್ತಾರೆ. ಸಭೆಯನ್ನು ನಡೆಸಲು ಮಾತ್ರ ತರಬೇತಿ ಪಡೆದ ಪಾಸ್ಟರರನ್ನು ಇಟ್ಟುಕೊಳ್ಳುತ್ತಾರೆ. ಮಾರ್ಮನ್ನರು ಈ ಎರಡರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುತ್ತಿಲ್ಲ. ಹನ್ನೆರಡು ವರ್ಷದ ಹುಡುಗನಿಗೂ ಯಾಜಕತ್ವ ಇರುತ್ತದೆ ಎಂದು ಒಂದು ಕಡೆ ಓದಿದೆ. ಆದರೆ ಸಂಬಳ ಪಡೆಯುವ ಪಾದ್ರಿಗಳು ಅವರ ಊರೂರಿನ ಸಭೆಗಳಲ್ಲಿ ಇಲ್ಲವೇ ಇಲ್ಲ ಎಂದು ಇನ್ನೊಂದು ಕಡೆ ಓದಿದೆ. ಆರೋನನ ಯಾಜಕತ್ವ, ಮೆಲ್ಕಿಜೆದೇಕನ ಯಾಜಕತ್ವ ಎಂಬ ಎರಡು ಹೆಸರುಗಳೂ ಪದೇ ಪದೇ ಎದುರಾಗುತ್ತವೆ.

ಹಾಗಾದರೆ ಅವರಲ್ಲಿ ಯಾಜಕತ್ವ ಎಂದರೆ ನಿಜವಾಗಿ ಏನು, ಅದನ್ನು ಪಡೆದವರು ವಾರದಿಂದ ವಾರಕ್ಕೆ ಏನು ಕೆಲಸ ಮಾಡುತ್ತಾರೆ, ಮತ್ತು ಸ್ತ್ರೀಯರ ಸ್ಥಾನ ಇದರಲ್ಲಿ ಎಲ್ಲಿದೆ? ವಾದ ಹೂಡುವ ಉದ್ದೇಶ ನನಗಿಲ್ಲ. ಒಳಗಿನಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 — ಎಲ್ಡರ್ ಕೋರಮಿನ ಸದಸ್ಯ

ನಮಸ್ಕಾರ. ನಾನು ಈ ಸಭೆಯ ಸದಸ್ಯ, ಅನೇಕ ವರ್ಷಗಳಿಂದ ಎಲ್ಡರ್ ಪದವಿಯಲ್ಲಿದ್ದೇನೆ. ಒಂದೇ ಪದವಿಯವರ ಗುಂಪನ್ನು ನಾವು ಕೋರಮ್ ಎನ್ನುತ್ತೇವೆ. ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಸಭೆಯ ಪೂರ್ಣ ಹೆಸರು ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಆ ಹೆಸರನ್ನೇ ಬಳಸಬೇಕೆಂದು ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ 2018ರಲ್ಲಿ ಒತ್ತಿ ಕೇಳಿಕೊಂಡರು. ನೀವು ಮಾರ್ಮನ್ ಎಂದು ಬರೆದದ್ದರಲ್ಲಿ ನನಗೆ ಬೇಸರವೇನಿಲ್ಲ.

ನಿಮ್ಮ ಗೊಂದಲದ ಮೂಲ ಒಂದು ಪದದಲ್ಲಿದೆ. ಬೇರೆ ಕಡೆ ಯಾಜಕತ್ವ ಎಂದರೆ ಒಂದು ವರ್ಗದ ಜನ; ನಮ್ಮಲ್ಲಿ ಅದು ಒಂದು ಅಧಿಕಾರ. ದೇವರ ಹೆಸರಿನಲ್ಲಿ, ದೇವರ ಪರವಾಗಿ ಕೆಲಸ ಮಾಡಲು ಮನುಷ್ಯನಿಗೆ ಒಪ್ಪಿಸಲಾದ ಅಧಿಕಾರವನ್ನು ನಾವು ಯಾಜಕತ್ವ ಎನ್ನುತ್ತೇವೆ. ಅಪೊಸ್ತಲರ ಕಾಲದ ನಂತರ ಆ ಅಧಿಕಾರ ಭೂಮಿಯ ಮೇಲಿಂದ ಇಲ್ಲವಾಯಿತು, ಹೀಗಾಗಿ ಅದನ್ನು ಸ್ವರ್ಗದಿಂದಲೇ ಮರಳಿ ಕೊಡಬೇಕಾಯಿತು ಎಂಬುದು ನಮ್ಮ ನಂಬಿಕೆ. 1829ರ ಮೇ 15ರಂದು, ಪೆನ್ಸಿಲ್ವೇನಿಯಾದ ಹಾರ್ಮನಿ ಎಂಬ ಊರಿನ ಹತ್ತಿರ, ಸಸ್ಕ್ವೆಹಾನಾ ನದಿಯ ದಡದ ಬಳಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅವರ ಜೊತೆಗಾರ ಆಲಿವರ್ ಕೌಡರಿ ದೀಕ್ಷಾಸ್ನಾನದ ಬಗ್ಗೆ ಪ್ರಾರ್ಥಿಸುತ್ತಿದ್ದಾಗ ಸ್ನಾನಿಕನಾದ ಯೋಹಾನನು ಪ್ರತ್ಯಕ್ಷನಾಗಿ ಅವರ ತಲೆಯ ಮೇಲೆ ಕೈಗಳನ್ನಿಟ್ಟು ಆರೋನನ ಯಾಜಕತ್ವವನ್ನು ಕೊಟ್ಟನೆಂದೂ, ಅನಂತರ ಪೇತ್ರ, ಯಾಕೋಬ, ಯೋಹಾನರೆಂಬ ಅಪೊಸ್ತಲರು ಬಂದು ಮೆಲ್ಕಿಜೆದೇಕನ ಯಾಜಕತ್ವವನ್ನು ಕೊಟ್ಟರೆಂದೂ ನಾವು ನಂಬುತ್ತೇವೆ. ಸಭೆ ವಿಧ್ಯುಕ್ತವಾಗಿ ಸ್ಥಾಪನೆಯಾದದ್ದು 1830ರ ಏಪ್ರಿಲ್ 6ರಂದು. ಅಂದರೆ ನಮ್ಮ ಇತಿಹಾಸದಲ್ಲಿ ಅಧಿಕಾರ ಮೊದಲು ಬಂತು, ಸಂಸ್ಥೆ ಆಮೇಲೆ ಬಂತು.

ಎರಡು ಹೆಸರುಗಳೂ ಬೈಬಲಿನವೇ. ಆರೋನ ಮೋಶೆಯ ಅಣ್ಣ. ಅವನ ಸಂತತಿಯವರು ಗುಡಾರದಲ್ಲೂ ದೇವಾಲಯದಲ್ಲೂ ಸೇವೆ ಮಾಡಿದರು. ಮೆಲ್ಕಿಜೆದೇಕ ಅಬ್ರಹಾಮನನ್ನು ಆಶೀರ್ವದಿಸಿದ ಸಾಲೇಮಿನ ಅರಸ. ದೇವಕುಮಾರನ ಹೆಸರನ್ನು ಮಾತುಮಾತಿಗೆ ಬಳಸಿ ಹಗುರ ಮಾಡಬಾರದೆಂಬ ಗೌರವದಿಂದ ದೊಡ್ಡ ಯಾಜಕತ್ವವನ್ನು ಆ ಅರಸನ ಹೆಸರಿನಿಂದ ಕರೆಯುತ್ತಾರೆ ಎಂದು ನಮ್ಮ ಗ್ರಂಥವಾದ ಸಿದ್ಧಾಂತ ಮತ್ತು ಒಡಂಬಡಿಕೆಗಳ 107ನೇ ಪ್ರಕರಣ ಹೇಳುತ್ತದೆ.

ಆರೋನನ ಯಾಜಕತ್ವದಲ್ಲಿ ಡೀಕನ್, ಟೀಚರ್, ಪ್ರೀಸ್ಟ್, ಬಿಷಪ್ ಎಂಬ ನಾಲ್ಕು ಪದವಿಗಳಿವೆ. ಹುಡುಗನೊಬ್ಬ ಹನ್ನೆರಡು ತುಂಬುವ ವರ್ಷದ ಜನವರಿಯಿಂದ ಡೀಕನ್ ಆಗಬಹುದು, ಹದಿನಾಲ್ಕು ತುಂಬುವ ವರ್ಷದಲ್ಲಿ ಟೀಚರ್, ಹದಿನಾರು ತುಂಬುವ ವರ್ಷದಲ್ಲಿ ಪ್ರೀಸ್ಟ್. ಈ ಜನವರಿಯ ಲೆಕ್ಕ 2019ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬಿದ ಮೇಲೆ ಮೆಲ್ಕಿಜೆದೇಕನ ಯಾಜಕತ್ವ ಪಡೆದು ಎಲ್ಡರ್ ಆಗಬಹುದು. ಅದರಲ್ಲಿ ಮಹಾಯಾಜಕ, ಪೇಟ್ರಿಯಾರ್ಕ್, ಸೆವೆಂಟಿ, ಅಪೊಸ್ತಲ ಎಂಬ ಬೇರೆ ಪದವಿಗಳೂ ಇವೆ. ವಯಸ್ಸಾದ ಮಾತ್ರಕ್ಕೆ ಇವು ತಾವಾಗಿಯೇ ಬರುವುದಿಲ್ಲ. ಊರಿನ ಸಭೆಯನ್ನು ನಡೆಸುವ ಬಿಷಪ್ ಕೂರಿಸಿಕೊಂಡು ಮಾತನಾಡಿಸುತ್ತಾರೆ, ನಡತೆ ಕೇಳುತ್ತಾರೆ, ಆಮೇಲೆ ಸದಸ್ಯರು ಬಲಗೈ ಎತ್ತಿ ಸಮ್ಮತಿ ಸೂಚಿಸಬೇಕು.

ಕೆಲಸದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಯಾಜಕತ್ವ ಅರ್ಥವಾಗುವುದು ಅಲ್ಲಿಯೇ. ಪ್ರತಿ ಭಾನುವಾರ ನಮ್ಮಲ್ಲಿ ಕರ್ತನ ಭೋಜನದ ಸಂಸ್ಕಾರ ನಡೆಯುತ್ತದೆ. ರೊಟ್ಟಿ ಮತ್ತು ನೀರು, ದ್ರಾಕ್ಷಾರಸ ಬಳಸುವುದಿಲ್ಲ. ಟೀಚರ್ ಪದವಿಯ ಹುಡುಗರು ತಟ್ಟೆಗಳನ್ನೂ ಪುಟ್ಟ ಪುಟ್ಟ ಲೋಟಗಳನ್ನೂ ಜೋಡಿಸಿ ಬಿಳಿಯ ಬಟ್ಟೆ ಹೊದಿಸುತ್ತಾರೆ. ಪ್ರೀಸ್ಟ್ ಪದವಿಯವರು ರೊಟ್ಟಿ ಮುರಿದು, ಮೊಣಕಾಲೂರಿ ಪ್ರಾರ್ಥನೆ ಹೇಳುತ್ತಾರೆ. ಡೀಕನ್ ಹುಡುಗರು ತಟ್ಟೆಗಳನ್ನು ಸಾಲುಸಾಲಿಗೆ ಕೊಂಡೊಯ್ಯುತ್ತಾರೆ. ಆ ಪ್ರಾರ್ಥನೆಯ ಒಂದು ಪದವೂ ಬದಲಾಗಬಾರದು.

ನಾನು ಮೊದಲ ಸಲ ಆ ಮೇಜಿನ ಹಿಂದೆ ಮೊಣಕಾಲೂರಿದಾಗ ನನಗೆ ಹದಿನಾರು ವರ್ಷ. ಪ್ರಾರ್ಥನೆ ಮುದ್ರಿಸಿದ ಕಾರ್ಡು ಕಣ್ಣೆದುರೇ ಇತ್ತು. ಆದರೂ ನಡುವಿನ ಒಂದು ತುಂಡು ವಾಕ್ಯ ಬಿಟ್ಟುಹೋಯಿತು. ತಲೆಯೆತ್ತಿ ನೋಡಿದರೆ ಬಿಷಪ್ ಬಹಳ ಮೃದುವಾಗಿ ತಲೆಯಾಡಿಸಿ, ಇನ್ನೊಮ್ಮೆ ಹೇಳು ಎಂದು ಸನ್ನೆ ಮಾಡಿದರು. ಎರಡನೆಯ ಸಲವೂ ನಾಲಿಗೆ ತೊಡರಿತು. ಮೂರನೆಯ ಸಲ ಸರಿಹೋಯಿತು. ಸಭಾಂಗಣದಲ್ಲಿ ಒಬ್ಬರೂ ಗುಸುಗುಸು ಎನ್ನಲಿಲ್ಲ, ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡೇ ಕಾದರು. ಅಷ್ಟೂ ಜನ ತಮ್ಮ ಒಡಂಬಡಿಕೆಯನ್ನು ನವೀಕರಿಸಲು ಒಬ್ಬ ಹುಡುಗನ ಬಾಯಿಯ ಮಾತಿಗಾಗಿ ಕಾಯುತ್ತಿದ್ದಾರೆ ಎಂಬುದು ನನಗೆ ಆ ದಿನ ತಟ್ಟಿತು. ಬೇರೆ ಯಾವ ಪಾಠವೂ ನನಗೆ ಯಾಜಕತ್ವವನ್ನು ಅಷ್ಟು ಚೆನ್ನಾಗಿ ಕಲಿಸಿಲ್ಲ.

ದೀಕ್ಷಾಸ್ನಾನ ಕೊಡುವುದೂ ಪ್ರೀಸ್ಟನ ಅಧಿಕಾರದಲ್ಲಿದೆ. ಎಂಟು ವರ್ಷಕ್ಕಿಂತ ಕೆಳಗಿನವರಿಗೆ ನಾವು ಸ್ನಾನ ಕೊಡುವುದಿಲ್ಲ. ಕೊಡುವಾಗ ಪೂರ್ತಿ ಮುಳುಗಿಸಬೇಕು. ಕೂದಲಿನ ಎಳೆಯೋ ಬಟ್ಟೆಯ ತುದಿಯೋ ನೀರಿನ ಮೇಲೆ ಉಳಿದದ್ದನ್ನು ಪಕ್ಕದಲ್ಲಿ ನಿಂತ ಇಬ್ಬರು ಸಾಕ್ಷಿಗಳು ಕಂಡರೆ ಮತ್ತೆ ಮಾಡಬೇಕು. ಆಮೇಲೆ ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮದ ವರವನ್ನು ಕೊಡುವುದು ಮಾತ್ರ ಮೆಲ್ಕಿಜೆದೇಕನ ಯಾಜಕತ್ವ ಇರುವವರ ಕೆಲಸ. ಕೂಸಿಗೆ ಹೆಸರಿಟ್ಟು ಆಶೀರ್ವದಿಸುವುದು, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು, ಸಮಾಧಿಯನ್ನು ಪ್ರತಿಷ್ಠಿಸುವುದು ಇವೂ ಅವರವೇ. ಇವಕ್ಕೆಲ್ಲ ಯಾರೂ ಯಾರಿಗೂ ಹಣ ಕೊಡುವುದಿಲ್ಲ. ಬಿಷಪ್ ಎಂದರೆ ವಾರವೆಲ್ಲ ತನ್ನ ಸ್ವಂತ ಉದ್ಯೋಗ ಮಾಡಿ, ಸಂಜೆಯನ್ನೂ ಭಾನುವಾರವನ್ನೂ ಸಭೆಗೆ ಕೊಡುವ ಮನುಷ್ಯ. ಸಾಮಾನ್ಯವಾಗಿ ಐದು ವರ್ಷದ ಆಸುಪಾಸಿನಲ್ಲಿ ಅವರ ಬಿಡುಗಡೆಯಾಗಿ ಇನ್ನೊಬ್ಬರು ಬರುತ್ತಾರೆ. ಪೂರ್ಣಾವಧಿ ದುಡಿಯುವ ಮೇಲಿನ ಹಂತದ ನಾಯಕರಿಗೆ ಮಾತ್ರ ಜೀವನಭತ್ಯೆ ಇದೆ.

ಉತ್ತರ 2 — ಅಮೆರಿಕದ ಧಾರ್ಮಿಕ ಇತಿಹಾಸದ ಓದುಗ

ಮೇಲಿನ ಉತ್ತರ ಚೆನ್ನಾಗಿದೆ. ಅದಕ್ಕೆ ಎರಡು ವಿಷಯ ಸೇರಿಸಬೇಕೆನ್ನಿಸುತ್ತದೆ. ನಾನು ಸದಸ್ಯನಲ್ಲ, ಆದರೆ ಈ ಇತಿಹಾಸವನ್ನು ಬಹಳ ಕಾಲದಿಂದ ಓದಿಕೊಂಡು ಬಂದಿದ್ದೇನೆ.

ಮೊದಲನೆಯದು ಬೀಗದ ಕೈಗಳ ವಿಷಯ. ಯಾಜಕತ್ವ ಇರುವುದು ಬೇರೆ, ಅದನ್ನು ಬಳಸಲು ಅನುಮತಿ ಕೊಡುವ ಹಕ್ಕು ಇರುವುದು ಬೇರೆ. ಆ ಹಕ್ಕನ್ನು ಅವರು ಬೀಗದ ಕೈಗಳು ಎನ್ನುತ್ತಾರೆ. ಪರಲೋಕರಾಜ್ಯದ ಬೀಗದ ಕೈಗಳನ್ನು ಪೇತ್ರನಿಗೆ ಕೊಡುವೆನೆಂದು ಯೇಸು ಹೇಳಿದ ಮಾತಿನಿಂದ ಬಂದ ಪದ ಅದು. ಒಬ್ಬ ತಂದೆ ಎಲ್ಡರ್ ಆಗಿದ್ದರೂ ತನ್ನ ಸ್ವಂತ ಮಗಳಿಗೆ ದೀಕ್ಷಾಸ್ನಾನ ಕೊಡಬೇಕಾದರೆ ಬಿಷಪರ ಅನುಮತಿ ಬೇಕು. ಆದರೆ ಅದೇ ಮಗಳಿಗೆ ಜ್ವರ ಬಂದಾಗ ಕೈಯಿಟ್ಟು ಆಶೀರ್ವದಿಸಲು ಯಾರನ್ನೂ ಕೇಳಬೇಕಾಗಿಲ್ಲ. ಇನ್ನೊಂದು ವಿಚಿತ್ರವೆನ್ನಿಸುವ ಸಂಗತಿ: ಡೀಕನ್ ಕೋರಮಿನ ಅಧ್ಯಕ್ಷನಾದ ಹನ್ನೆರಡು-ಹದಿಮೂರರ ಹುಡುಗನಿಗೆ ಬೀಗದ ಕೈ ಇರುತ್ತದೆ, ಆದರೆ ಬಿಷಪರ ಪಕ್ಕದಲ್ಲಿ ಕೂರುವ ಸಲಹೆಗಾರರಾದ ದೊಡ್ಡವರಿಗೆ ಇರುವುದಿಲ್ಲ. ಎಲ್ಲ ಬೀಗದ ಕೈಗಳನ್ನೂ ಪೂರ್ಣವಾಗಿ ಬಳಸುವ ಅಧಿಕಾರ ಇರುವುದು ಸಭೆಯ ಅಧ್ಯಕ್ಷರೊಬ್ಬರಿಗೇ. ಹೀಗೆ ನೋಡಿದರೆ ಯಾಜಕತ್ವ ಎಲ್ಲೆಡೆ ಹರಡಿಕೊಂಡಿದ್ದರೂ ಅದರ ನಿಯಂತ್ರಣ ಒಂದೇ ಕಡೆ ಸೇರುತ್ತದೆ. ಯಾಜಕತ್ವ ಎಲ್ಲರದ್ದೂ ಆಗಿರುವುದರಿಂದ ಇದು ಪ್ರಜಾಪ್ರಭುತ್ವದಂಥದ್ದು ಎಂದು ಕೆಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ಎರಡನೆಯದು ನೋವಿನ ಅಧ್ಯಾಯ, ಆದರೆ ಅದನ್ನು ಬಿಟ್ಟು ಈ ವಿಷಯ ಪೂರ್ಣವಾಗುವುದಿಲ್ಲ. ಅರ್ಹನಾದ ಪ್ರತಿಯೊಬ್ಬ ಪುರುಷನಿಗೂ ಯಾಜಕತ್ವ ಎಂಬ ಮಾತು ಇಂದು ಸಹಜವೆನ್ನಿಸುತ್ತದೆ. 1978ಕ್ಕೆ ಮುಂಚೆ ಅದು ನಿಜವಾಗಿರಲಿಲ್ಲ. ಜೋಸೆಫ್ ಸ್ಮಿತ್ ಬದುಕಿದ್ದಾಗ ಎಲೈಜಾ ಏಬಲ್ ಎಂಬ ಕಪ್ಪು ವರ್ಣದ ಸದಸ್ಯರು 1836ರಲ್ಲಿ ಎಲ್ಡರ್ ಪದವಿ ಪಡೆದಿದ್ದರು. ಆದರೆ 1852ರಲ್ಲಿ, ಸ್ಮಿತರ ನಂತರ ಸಭೆಯ ಅಧ್ಯಕ್ಷರಾದ ಬ್ರಿಗಮ್ ಯಂಗ್ ಯೂಟಾ ಪ್ರಾಂತ್ಯದ ಶಾಸನಸಭೆಯ ಮುಂದೆ, ಆಫ್ರಿಕನ್ ಮೂಲದ ಪುರುಷರಿಗೆ ಯಾಜಕತ್ವ ಕೊಡುವಂತಿಲ್ಲ ಎಂದು ಸಾರಿದರು. ನಿರ್ಬಂಧ ಅಲ್ಲಿಗೇ ನಿಲ್ಲಲಿಲ್ಲ. ಅವರಲ್ಲಿ ದೇವಾಲಯ ಎಂದರೆ ಭಾನುವಾರದ ಸಭಾಂಗಣವಲ್ಲ, ವಿಶೇಷ ಸಂಸ್ಕಾರಗಳಿಗೆ ಮೀಸಲಾದ ಕಟ್ಟಡ. ಅಲ್ಲಿನ ಮುಖ್ಯ ಸಂಸ್ಕಾರಗಳಿಂದ ಆ ಮೂಲದ ಸ್ತ್ರೀಯರನ್ನೂ ಪುರುಷರನ್ನೂ ಹೊರಗಿಟ್ಟರು. ಅದೇ ಏಬಲ್ ತಮ್ಮ ಮುಪ್ಪಿನಲ್ಲಿ ದೇವಾಲಯದ ಆಶೀರ್ವಾದಕ್ಕಾಗಿ ಕೇಳಿದಾಗ ಅವರಿಗೂ ಇಲ್ಲವೆಂದರು. ಇದನ್ನು ಸಮರ್ಥಿಸಲು, ತಮ್ಮನನ್ನು ಕೊಂದ ಬೈಬಲಿನ ಕಾಯಿನನ ಶಾಪ ಅವರ ಮೇಲಿದೆ ಎಂಬಂಥ ವಿವರಣೆಗಳು ಪೀಳಿಗೆಯಿಂದ ಪೀಳಿಗೆಗೆ ಹರಿದುಬಂದವು.

1978ರ ಜೂನ್ 1ರಂದು ಸಾಲ್ಟ್ ಲೇಕ್ ದೇವಾಲಯದಲ್ಲಿ ಅಧ್ಯಕ್ಷ ಸ್ಪೆನ್ಸರ್ ಡಬ್ಲ್ಯು. ಕಿಂಬಾಲ್ ತಮ್ಮ ಸಲಹೆಗಾರರು ಹಾಗೂ ಅಪೊಸ್ತಲರ ಜೊತೆ ಪ್ರಾರ್ಥಿಸಿದಾಗ ದೇವರಿಂದ ಪ್ರಕಟಣೆ ಬಂದಿತೆಂದು ಸಭೆ ಹೇಳುತ್ತದೆ. ಜೂನ್ 8ರ ದಿನಾಂಕದ ಪತ್ರ ನಿರ್ಬಂಧವನ್ನು ತೆಗೆದುಹಾಕಿತು. ಬ್ರೆಜಿಲಿನ ಸಾವ್ ಪಾವ್ಲೊ ನಗರದಲ್ಲಿ ಆಗ ದೇವಾಲಯ ಕಟ್ಟುತ್ತಿದ್ದರು. ಹೆಲ್ವೆಸಿಯೊ ಮಾರ್ಟಿನ್ಸ್ ಎಂಬ ಕಪ್ಪು ವರ್ಣದ ಸದಸ್ಯರು, ತಾವು ಒಳಗೆ ಹೋಗಿ ಸಂಸ್ಕಾರ ಪಡೆಯುವ ದಾರಿಯೇ ಇಲ್ಲ ಎಂದು ತಿಳಿದೂ ಆ ದೇವಾಲಯದ ಪ್ರಚಾರ ಕಾರ್ಯದಲ್ಲಿ ದುಡಿಯುತ್ತಿದ್ದರು. 1990ರಲ್ಲಿ ಅವರೇ ಸಭೆಯ ಕೇಂದ್ರ ಅಧಿಕಾರಿಗಳಲ್ಲಿ ಒಬ್ಬರಾದರು. 2013ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಸಭೆ ಆ ಹಳೆಯ ವಿವರಣೆಗಳನ್ನು ತಾನು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ನಿರ್ಬಂಧವೇ ತಪ್ಪಾಗಿತ್ತು ಎಂದು ನೇರವಾಗಿ ಹೇಳಿ ಕ್ಷಮೆ ಕೇಳಬೇಕಿತ್ತು ಎಂದು ಅನೇಕ ಸದಸ್ಯರೇ ಬಯಸುತ್ತಾರೆ, ಮತ್ತು ಅವರ ಬಯಕೆ ನ್ಯಾಯವಾದದ್ದು ಎಂದು ನಾನು ತಿಳಿಯುತ್ತೇನೆ.

ಉತ್ತರ 3 — ರಿಲೀಫ್ ಸೊಸೈಟಿಯ ಸದಸ್ಯೆ

ಸ್ತ್ರೀಯರ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಉತ್ತರಿಸುತ್ತೇನೆ. ನಮ್ಮ ಸಭೆಯಲ್ಲಿ ಸ್ತ್ರೀಯರಿಗೆ ಯಾಜಕತ್ವದ ಪದವಿಗಳನ್ನು ಕೊಡುವುದಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆದರೆ ಅಲ್ಲಿಗೇ ನಿಲ್ಲಿಸಿದರೆ ಚಿತ್ರ ತಪ್ಪಾಗುತ್ತದೆ. ಸ್ತ್ರೀಯರ ಸಂಘವಾದ ರಿಲೀಫ್ ಸೊಸೈಟಿ 1842ರ ಮಾರ್ಚ್ 17ರಂದು ಇಲಿನಾಯ್ ರಾಜ್ಯದ ನಾವೂ ಎಂಬ ಊರಿನಲ್ಲಿ ಆರಂಭವಾಯಿತು. ಜೋಸೆಫ್ ಸ್ಮಿತರ ಹೆಂಡತಿ ಎಮ್ಮಾ ಸ್ಮಿತ್ ಅದರ ಮೊದಲ ಅಧ್ಯಕ್ಷೆ. 19ನೇ ಶತಮಾನದಲ್ಲಿ ನಮ್ಮ ಅಜ್ಜಿಯಂದಿರ ಪೀಳಿಗೆಗಿಂತ ಹಿಂದಿನವರು ತಮ್ಮ ವಿಶ್ವಾಸದ ಬಲದಿಂದ ರೋಗಿಗಳ ಮೇಲೆ, ಹೆರಿಗೆಗೆ ಸಿದ್ಧರಾದ ಹೆಂಗಸರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಆ ರೂಢಿ 20ನೇ ಶತಮಾನದಲ್ಲಿ ಕ್ರಮೇಣ ನಿಂತುಹೋಯಿತು. ದೇವಾಲಯದೊಳಗೆ ಸ್ತ್ರೀಯರಿಗೆ ಸಲ್ಲುವ ಕೆಲವು ಸಂಸ್ಕಾರಗಳನ್ನು ಇಂದಿಗೂ ಸ್ತ್ರೀಯರೇ ನೆರವೇರಿಸುತ್ತಾರೆ, ಮತ್ತು ಅದು ಯಾಜಕತ್ವದ ಅಧಿಕಾರದಿಂದಲೇ ಆಗುವ ಕೆಲಸ. 2014ರ ಏಪ್ರಿಲ್ ಸಮ್ಮೇಳನದಲ್ಲಿ ಅಪೊಸ್ತಲರಾಗಿದ್ದ ಡಾಲಿನ್ ಎಚ್. ಓಕ್ಸ್ ಇದನ್ನು ಬಿಡಿಸಿ ಹೇಳಿದರು: ಬೀಗದ ಕೈ ಇರುವವರು ಒಬ್ಬ ಸ್ತ್ರೀಯನ್ನು ಒಂದು ಸೇವೆಗೆ ನೇಮಿಸಿದರೆ, ಆ ಸೇವೆಯಲ್ಲಿ ಅವಳು ಬಳಸುವ ಅಧಿಕಾರ ಯಾಜಕತ್ವದ ಅಧಿಕಾರವೇ, ಅದನ್ನು ಬೇರೆ ಏನೆಂದು ಕರೆಯಲು ಸಾಧ್ಯ ಎಂಬುದು ಅವರ ಮಾತಿನ ಸಾರ. ಮೇಲಿನವರು ಹೇಳಿದ ದೀಕ್ಷಾಸ್ನಾನದ ಸಾಕ್ಷಿಗಳಾಗಿ ನಿಲ್ಲಲು 2019ರ ಅಕ್ಟೋಬರ್‌ನಿಂದ ನಮಗೂ ಅವಕಾಶ ಸಿಕ್ಕಿದೆ. ನಾನು ಮೊದಲ ಸಲ ಹಾಗೆ ನಿಂತು, ನೀರಿನ ಮೇಲೆ ಕೂದಲು ಉಳಿದಿದೆಯೇ ಎಂದು ಬಾಗಿ ನೋಡಿದಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. ಅದು ಹೊರಗಿನವರಿಗೆ ಚಿಕ್ಕ ಸಂಗತಿ, ನನಗೆ ಚಿಕ್ಕದಲ್ಲ.

ಇಷ್ಟು ಸಾಕೇ ಎಂದು ಕೇಳಿದರೆ ಸಭೆಯ ಸ್ತ್ರೀಯರಲ್ಲಿ ಒಂದೇ ಉತ್ತರವಿಲ್ಲ. ಪದವಿ ತಮಗೂ ಬೇಕೆಂದು ಬಹಿರಂಗವಾಗಿ ಕೇಳಿದವರಿದ್ದಾರೆ, ಅದಕ್ಕಾಗಿ ಬಹಳ ಕಳೆದುಕೊಂಡವರೂ ಇದ್ದಾರೆ. ಬೇಡವೆಂದು ಮನಸಾರೆ ಹೇಳುವವರನ್ನೂ ನಾನು ಬಲ್ಲೆ. ಜೋಸೆಫ್ ಸ್ಮಿತರ ಪರಂಪರೆಯಿಂದಲೇ ಬಂದ ಇನ್ನೊಂದು ಸಭೆಯಾದ ಕಮ್ಯುನಿಟಿ ಆಫ್ ಕ್ರೈಸ್ಟ್ 1985ರಿಂದ ಸ್ತ್ರೀಯರಿಗೆ ಯಾಜಕತ್ವ ಕೊಡುತ್ತಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಪದವಿಗಾಗಿ ಹಂಬಲಿಸುತ್ತಿಲ್ಲ. ಆದರೆ ನಮ್ಮ ಸಮಾಲೋಚನಾ ಸಭೆಗಳಲ್ಲಿ ಸ್ತ್ರೀಯರ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಮುಂದಿನ ವಿಷಯಕ್ಕೆ ಹೋಗುವ ಅಭ್ಯಾಸ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಯಾಜಕತ್ವ ತನ್ನ ಕೆಲಸ ಮಾಡುತ್ತಿಲ್ಲ ಎಂದು ನಂಬುತ್ತೇನೆ. 1839ರಲ್ಲಿ ಜೋಸೆಫ್ ಸ್ಮಿತ್ ಮಿಸೌರಿಯ ಲಿಬರ್ಟಿ ಸೆರೆಮನೆಯಿಂದ ಬರೆಸಿದ ಪತ್ರದಲ್ಲಿ ಇದಕ್ಕೆ ಆಧಾರವಿದೆ. ಯಾಜಕತ್ವದ ಹೆಸರಿನಲ್ಲಿ ಯಾರ ಮೇಲೂ ದರ್ಪ ನಡೆಸುವಂತಿಲ್ಲ. ಮನವೊಲಿಕೆ, ದೀರ್ಘಶಾಂತಿ, ಸೌಮ್ಯತೆ ಮತ್ತು ನಿಷ್ಕಪಟವಾದ ಪ್ರೀತಿ ಇವುಗಳಿಂದ ಮಾತ್ರ ಅದು ನಡೆಯಬೇಕು. ದರ್ಪಕ್ಕೆ ಇಳಿದವನ ಅಧಿಕಾರ ಅಲ್ಲಿಗೇ ಮುಗಿಯಿತು ಎಂದು ಅದು ಹೇಳುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು — ಧರ್ಮಾಧ್ಯಯನದ ವಿದ್ಯಾರ್ಥಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಧಿಕಾರ ಮತ್ತು ಬೀಗದ ಕೈ ಇವುಗಳ ಅಂತರ ನಾನು ಓದಿದ ಯಾವ ಪರಿಚಯ ಲೇಖನದಲ್ಲೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಮೊದಲ ಉತ್ತರ ಬರೆದವರಲ್ಲಿ ಒಂದು ಮಾತು ಕೇಳಲೇ? ರೋಗಿಗಳಿಗೆ ಎಣ್ಣೆ ಹಚ್ಚುವ ವಿಷಯವನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ. ಅದು ಹೇಗೆ ನಡೆಯುತ್ತದೆ, ಮತ್ತು ರೋಗಿ ಗುಣವಾಗದೆ ಹೋದರೆ ಅಲ್ಲಿ ನಿಂತವನು ತನ್ನ ಯಾಜಕತ್ವದ ಬಗ್ಗೆ ಏನೆಂದುಕೊಳ್ಳುತ್ತಾನೆ?

ಉತ್ತರ 4 — ಎಲ್ಡರ್ ಕೋರಮಿನ ಸದಸ್ಯ

ಆ ಪ್ರಶ್ನೆ ಬರಬಹುದೆಂದು ನನಗೆ ಅನ್ನಿಸಿತ್ತು.

ಶುದ್ಧವಾದ ಆಲಿವ್ ಎಣ್ಣೆಯನ್ನು ಮೊದಲೇ ಪ್ರಾರ್ಥನೆಯಿಂದ ಪ್ರತಿಷ್ಠಿಸಿ ಇಟ್ಟುಕೊಂಡಿರುತ್ತೇವೆ. ನಮ್ಮಲ್ಲಿ ಅನೇಕರು ಹೆಬ್ಬೆರಳಿನಷ್ಟೂ ಇಲ್ಲದ ಲೋಹದ ಕುಪ್ಪಿಯಲ್ಲಿ ಅದನ್ನು ತುಂಬಿ, ಮನೆಯ ಬೀಗದ ಕೈಗೊಂಚಲಿಗೇ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಯಾರಾದರೂ ಕರೆದರೆ ಸಾಧ್ಯವಾದಷ್ಟು ಇಬ್ಬರು ಹೋಗುತ್ತೇವೆ. ಕರೆಯದೆ ಹೋಗಿ ಮಾಡುವ ಕೆಲಸ ಇದಲ್ಲ. ಒಬ್ಬರು ರೋಗಿಯ ನೆತ್ತಿಯ ಮೇಲೆ ಒಂದು ಹನಿ ಎಣ್ಣೆ ಹಾಕಿ, ಪೂರ್ಣ ಹೆಸರು ಹೇಳಿ, ಮೆಲ್ಕಿಜೆದೇಕನ ಯಾಜಕತ್ವದ ಅಧಿಕಾರದಿಂದ ಅಭಿಷೇಕಿಸುತ್ತೇನೆ ಎನ್ನುತ್ತಾರೆ. ಅದು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಬಳಿಕ ಇಬ್ಬರೂ ತಲೆಯ ಮೇಲೆ ಹಗುರವಾಗಿ ಕೈಯಿಡುತ್ತಾರೆ. ಎರಡನೆಯವರು ಆ ಅಭಿಷೇಕಕ್ಕೆ ಮುದ್ರೆಯೊತ್ತಿ, ಅಂದರೆ ಅದನ್ನು ದೃಢಪಡಿಸಿ, ಆಶೀರ್ವಾದದ ಮಾತುಗಳನ್ನು ಹೇಳುತ್ತಾರೆ. ಭಾನುವಾರದ ಪ್ರಾರ್ಥನೆಯಂತೆ ಇದಕ್ಕೆ ಬರೆದಿಟ್ಟ ಪಾಠವಿಲ್ಲ. ಆತ್ಮ ಏನು ಹೇಳಿಸುತ್ತದೋ ಅದನ್ನೇ ಹೇಳಬೇಕು, ತನ್ನ ಆಸೆಯನ್ನು ದೇವರ ಮಾತೆಂದು ಹೇಳಿಬಿಡಬಾರದು. ಯಾಜಕತ್ವದಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ. ವೈದ್ಯರ ಚಿಕಿತ್ಸೆಯನ್ನು ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಎರಡೂ ಜೊತೆಜೊತೆಯಾಗಿ ನಡೆಯಬೇಕೆಂಬುದೇ ನಮ್ಮ ಬೋಧನೆ.

ನನ್ನ ಸ್ವಂತ ತಂದೆ ಕೊನೆಯ ಕಾಯಿಲೆಯಲ್ಲಿದ್ದಾಗ ಅವರು ನನ್ನನ್ನೇ ಕೇಳಿಕೊಂಡರು. ನಾನು ಅವರ ತಲೆಯ ಮೇಲೆ ಕೈಯಿಟ್ಟು ನಿಂತೆ. ಗುಣವಾಗುತ್ತೀರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ಮಗನಾಗಿ ನನಗೆ ಬೇಕಾಗಿದ್ದದ್ದು ಅದೊಂದೇ. ಆದರೆ ಅದನ್ನು ಹೇಳಲು ಅನುಮತಿ ಸಿಗಲಿಲ್ಲ ಎಂದೇ ನಾನು ಹೇಳಬಲ್ಲೆ. ಬಹಳ ಹೊತ್ತು ಸುಮ್ಮನಿದ್ದೆ. ಕೊನೆಗೆ ನೋವು ಕಡಿಮೆಯಾಗಲಿ, ಭಯ ದೂರವಾಗಲಿ, ಮನೆಯವರಿಗೆ ಸಮಾಧಾನ ಸಿಗಲಿ ಎಂದು ಆಶೀರ್ವದಿಸಿದೆ. ಅವರು ಹತ್ತು ದಿನದ ನಂತರ ತೀರಿಕೊಂಡರು. ಆ ಹತ್ತು ದಿನ ಅವರಿಗೆ ಭಯವಿರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಗುಣಪಡಿಸುವ ಶಕ್ತಿ ನನ್ನದು ಎಂದು ನಾನು ತಿಳಿದಿದ್ದರೆ ಆ ದಿನ ನನ್ನ ಯಾಜಕತ್ವ ಸೋತಿತು ಎಂದುಕೊಳ್ಳಬೇಕಾಗುತ್ತಿತ್ತು. ಒಪ್ಪಿಸಿದ ಅಧಿಕಾರ ಎಂದು ಮೊದಲೇ ಬರೆದದ್ದು ಅದಕ್ಕಾಗಿಯೇ. ಯಾವ ದೇವರ ಪರವಾಗಿ ಕೈಯಿಟ್ಟೆನೋ ಆ ದೇವರ ಇಚ್ಛೆ ಬೇರೆಯಾಗಿತ್ತು. ತಂದೆಯ ಸಮಾಧಿಯನ್ನು ಪ್ರತಿಷ್ಠಿಸುವ ಪ್ರಾರ್ಥನೆಯನ್ನೂ ಕುಟುಂಬದವರು ನನ್ನಿಂದಲೇ ಮಾಡಿಸಿದರು. ಅಂದು ಮಳೆ ಬರುತ್ತಿತ್ತು, ನನ್ನ ಜೇಬಿನಲ್ಲಿ ಅದೇ ಕುಪ್ಪಿ ಇತ್ತು. ಮರುವಾರ ನಮ್ಮ ಕೋರಮಿನವರೊಬ್ಬರು ತಮ್ಮ ಮಗಳಿಗಾಗಿ ಕರೆದರು. ಮನಸ್ಸು ಇನ್ನೂ ಭಾರವಾಗಿತ್ತು, ಆದರೂ ಹೋದೆ.